ಸಾಹಸವೂ ಸ್ವಾಸ್ಥ್ಯವೂ

ಅಪಾಯವಿಲ್ಲದ ಬದುಕು ಎಂಬುದೊಂದಿಲ್ಲ. ಹೊಸ್ತಿಲು ದಾಟುವವನಿಗೆ ಒಂದು ಬಗೆಯ ಅಪಾಯವಿದ್ದರೆ, ಹೊಸ್ತಿಲೊಳಗೇ ಕುಳಿತವನಿಗೆ ಇನ್ನೊಂದು ಬಗೆಯದು ಕಾದಿರುತ್ತದೆ. ಮೊದಲನೆಯದು ಕಣ್ಣಿಗೆ ಕಾಣುತ್ತದೆ. ಎರಡನೆಯದು ಸದ್ದಿಲ್ಲದೆ ಬೆಳೆಯುತ್ತದೆ. ಆರೋಗ್ಯದ ವಿಷಯದಲ್ಲಂತೂ ಈ ಮಾತು ಅಕ್ಷರಶಃ ಸತ್ಯ.

ಕುಷಾಯಿಗೂಡದ ಪರಿಸರವನ್ನೇ ನೋಡಬಹುದು. ಇದರ ಸಮೀಪದಲ್ಲಿ 1967ರಲ್ಲಿ ಡಾ. ಎ. ಎಸ್. ರಾವ್ ಅವರ ನೇತೃತ್ವದಲ್ಲಿ ಇಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯೂ, 1971ರಲ್ಲಿ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸ್ ಸಂಸ್ಥೆಯೂ ಸ್ಥಾಪನೆಗೊಂಡವು. ಇಂಥ ಉದ್ಯೋಗಗಳನ್ನು ಅರಸಿ, ಹುಟ್ಟೂರನ್ನೂ ಬಂಧುಬಳಗವನ್ನೂ ಬಿಟ್ಟು, ಭಾಷೆ ಬೇರೆಯಾದ ಊರಿನಲ್ಲಿ ಸಂಸಾರ ಹೂಡುವುದು ಅಂದಿನ ತರುಣರಿಗೆ ಸಣ್ಣ ಸಾಹಸವಾಗಿರಲಿಲ್ಲ. ಆ ಪೀಳಿಗೆಗೆ ಈಗ ವೃದ್ಧಾಪ್ಯ. ಅಂದು ಅಪರಿಚಿತ ಊರಿಗೆ ಅಂಜದವರು ಇಂದು ಮಹಡಿಯ ಮೆಟ್ಟಿಲಿಗೆ ಅಂಜುವುದುಂಟು. “ಹೊರಗೆ ಹೋಗಬೇಡಿ ಅಪ್ಪಾ, ಬಿದ್ದೀರಿ” ಎಂದು ಮಕ್ಕಳೂ ತಡೆಯುತ್ತಾರೆ. ಕಾಳಜಿ ಸಹಜವಾದುದೇ, ಪರಿಣಾಮ ಮಾತ್ರ ವಿಪರೀತ.

ಬಳಸದ ಸ್ನಾಯು ಕ್ಷೀಣಿಸುತ್ತದೆ. ಕಣ್ಣು, ಒಳಗಿವಿ ಹಾಗೂ ಪಾದ ಮತ್ತು ಕೀಲುಗಳ ಸಂವೇದನೆ, ಈ ಮೂರರ ಸಹಕಾರದಿಂದ ದೇಹ ಸಮತೋಲ ಕಾಯ್ದುಕೊಳ್ಳುತ್ತದೆ. ಅಭ್ಯಾಸ ತಪ್ಪಿದರೆ ಈ ಸಾಮರ್ಥ್ಯವೂ ಕುಗ್ಗುತ್ತದೆ. ಬೀಳುವ ಭಯದಿಂದ ನಡಿಗೆ ನಿಂತು, ನಡಿಗೆ ನಿಂತುದರಿಂದ ಕಾಲು ಸೋತು, ಕಾಲು ಸೋತುದರಿಂದ ಬೀಳುವ ಸಂಭವವೇ ಹೆಚ್ಚುತ್ತದೆ. ಹೀಗೆ ಭಯವೇ ತಾನು ಭಯಪಟ್ಟುದನ್ನು ಬರಮಾಡಿಕೊಳ್ಳುತ್ತದೆ.

ವೈದ್ಯಶಾಸ್ತ್ರವೂ ಈ ಪಾಠವನ್ನು ಕಷ್ಟದಿಂದಲೇ ಕಲಿಯಿತು. ಹೃದಯಾಘಾತಕ್ಕೊಳಗಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಅಲುಗದಂತೆ ಮಲಗಿಸುವುದು ಒಂದು ಕಾಲದ ಪದ್ಧತಿಯಾಗಿತ್ತು. ಅಮೆರಿಕದ ಬಾಸ್ಟನ್ನಿನ ಲೆವೈನ್ ಮತ್ತು ಲೌನ್ ಎಂಬ ವೈದ್ಯರು ಅಂಥ ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕುಳ್ಳಿರಿಸಿ, ಅದರ ಅನುಭವವನ್ನು 1952ರಲ್ಲಿ ಪ್ರಕಟಿಸಿದರು. ಇದು ಅಪಾಯಕರವೆಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದರು. ದೀರ್ಘಕಾಲ ಮಲಗಿರುವುದರಿಂದಲೇ ರಕ್ತ ಹೆಪ್ಪುಗಟ್ಟುವಿಕೆ, ನಿಶ್ಶಕ್ತಿ, ಮನೋವ್ಯಥೆ ಹೆಚ್ಚುತ್ತವೆಂಬುದು ಕ್ರಮೇಣ ಎಲ್ಲರಿಗೂ ಮನವರಿಕೆಯಾಯಿತು.

ಹಾಗೆಂದು ಸಾಹಸವೆಂದರೆ ದುಡುಕಲ್ಲ. ಅಳೆದು ಹೆಜ್ಜೆಯಿಡುವುದೇ ಸಾಹಸ. ಕಣ್ಣುಮುಚ್ಚಿ ಜಿಗಿಯುವುದು ಅವಿವೇಕ. ವೃದ್ಧರು ಮೊದಲು ವೈದ್ಯರ ಸಲಹೆ ಪಡೆಯಬೇಕು. ದೃಷ್ಟಿಯನ್ನೂ, ತಲೆಸುತ್ತು ತರಬಹುದಾದ ಔಷಧಿಗಳನ್ನೂ ಪರೀಕ್ಷಿಸಿಕೊಳ್ಳಬೇಕು. ಬಚ್ಚಲಿನಲ್ಲಿ ಹಿಡಿಕೆ, ರಾತ್ರಿ ದೀಪ, ಜಾರದ ಪಾದರಕ್ಷೆ ಅವಶ್ಯ. ಬಳಿಕ ಕುರ್ಚಿಯಿಂದ ಏಳುವುದು ಮತ್ತು ಕೂರುವುದು, ಗೋಡೆಯ ಆಸರೆಯಲ್ಲಿ ಒಂಟಿಕಾಲಿನಲ್ಲಿ ನಿಲ್ಲುವುದು, ಅಂಗಳದಲ್ಲಿ ಹತ್ತು ನಿಮಿಷದ ನಡಿಗೆ, ಹೀಗೆ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬಹುದು. ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮವನ್ನೂ, ವೃದ್ಧರಿಗೆ ವಾರದಲ್ಲಿ 3 ದಿನವಾದರೂ ಸಮತೋಲ ಮತ್ತು ಬಲವರ್ಧನೆಯ ವ್ಯಾಯಾಮವನ್ನೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಎದೆನೋವು, ವಿಪರೀತ ಏದುಸಿರು ಅಥವಾ ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ನೀರಿಗಿಳಿಯದೆ ಈಜು ಬಾರದು ಎನ್ನುತ್ತಾರೆ ಹಿರಿಯರು. ಕಲಿತ ಈಜನ್ನು ಉಳಿಸಿಕೊಳ್ಳುವುದಕ್ಕೂ ನೀರು ಬೇಕು. ತಂದೆತಾಯಿಯರನ್ನು ಕೋಣೆಯಲ್ಲಿ ಕಾಪಿಡುವುದಕ್ಕಿಂತ, ಸಂಜೆ ಅವರ ಜೊತೆ ಬೀದಿಯ ತುದಿಯವರೆಗೆ ನಡೆದುಬರುವುದೇ ಮಕ್ಕಳು ಸಲ್ಲಿಸಬಹುದಾದ ನಿಜವಾದ ಸೇವೆ. ಊರು ದಾಟಿ ಬಂದ ಕಾಲುಗಳಿಗೆ ಬೀದಿ ದಾಟುವ ಧೈರ್ಯ ಮರಳಿ ಬಂದೀತು.