ನೆರೆಯ ಗ್ರಹಗಳ ವಾಯುಗುಣ

ಬೆಳ್ಳಿ ಮೂಡುವ ಹೊತ್ತಿಗೆ ಏಳುವುದು ನಾಡಿನ ಒಕ್ಕಲುಮಕ್ಕಳ ಹಳೆಯ ರೂಢಿ. ಗಡಿಯಾರವಿಲ್ಲದ ಕಾಲದಲ್ಲಿ ಎತ್ತುಗಳಿಗೆ ಮೇವು ಹಾಕಲು, ಬಂಡಿ ಹೂಡಲು, ದೂರದ ಸಂತೆಗೆ ಹೊರಡಲು ಮೂಡಣದಲ್ಲಿ ಥಳಥಳಿಸುವ ಆ ಚುಕ್ಕಿಯೇ ಹೊತ್ತು ಹೇಳುತ್ತಿತ್ತು. ಜನಪದರು ಬೆಳ್ಳಿಚುಕ್ಕಿಯೆಂದು ಕರೆದದ್ದು ನಕ್ಷತ್ರವಲ್ಲ, ಶುಕ್ರಗ್ರಹ. ಸೂರ್ಯ ಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ನಿತ್ಯವೂ ಅದರಷ್ಟು ಪ್ರಕಾಶಿಸುವ ಬೇರೊಂದು ಜ್ಯೋತಿಯಿಲ್ಲ. ಆ ಗ್ರಹವು ಹೊದ್ದಿರುವ ದಟ್ಟವಾದ ಮೋಡಗಳು ಸೂರ್ಯನ ಬೆಳಕನ್ನು ಬಹುಮಟ್ಟಿಗೆ ಹಿಂದಿರುಗಿಸುವುದೇ ಈ ಹೊಳಪಿಗೆ ಮುಖ್ಯ ಕಾರಣ. ಆದರೆ ಆ ಚೆಲುವಾದ ಮುಸುಕಿನ ಒಳಗೆ ಸೀಸವನ್ನು ಕರಗಿಸುವಷ್ಟು ಬೇಗೆಯಿದೆಯೆಂಬುದು 20ನೆಯ ಶತಮಾನದ ಉತ್ತರಾರ್ಧದವರೆಗೆ ಲೋಕಕ್ಕೆ ತಿಳಿದಿರಲಿಲ್ಲ.

ಗ್ರಹವೊಂದನ್ನು ಸುತ್ತಿಕೊಂಡಿರುವ ಅನಿಲಗಳ ಹೊದಿಕೆಗೆ ವಾಯುಮಂಡಲವೆಂದೂ, ಅಲ್ಲಿ ದೀರ್ಘಕಾಲ ನೆಲೆನಿಲ್ಲುವ ಶಾಖ, ಗಾಳಿ, ತೇವಗಳ ಸರಾಸರಿ ಸ್ಥಿತಿಗೆ ವಾಯುಗುಣವೆಂದೂ ಹೆಸರು. ಸೂರ್ಯನಿಗೆ ಹತ್ತಿರವಿದ್ದ ಗ್ರಹ ಬಿಸಿಯಾಗಿಯೂ ದೂರವಿದ್ದುದು ತಂಪಾಗಿಯೂ ಇರಬೇಕೆಂಬುದು ಸಹಜವಾದ ಊಹೆ. ಸೂರ್ಯನಿಂದ ಬುಧಗ್ರಹ ಸುಮಾರು 5.8 ಕೋಟಿ ಕಿಲೋಮೀಟರ್ ದೂರದಲ್ಲಿದ್ದರೆ ಶುಕ್ರ 10.8 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಬುಧನಲ್ಲಿ ಹಗಲಿನ ತಾಪ 430 ಡಿಗ್ರಿ ಸೆಂಟಿಗ್ರೇಡಿನವರೆಗೆ ಏರುತ್ತದೆ. ರಾತ್ರಿ ಅದು ಶೂನ್ಯಕ್ಕಿಂತ 180 ಡಿಗ್ರಿ ಕೆಳಕ್ಕೆ ಇಳಿಯುತ್ತದೆ. ಶುಕ್ರನ ನೆಲದಲ್ಲಿಯಾದರೋ ಹಗಲೆನ್ನದೆ ಇರುಳೆನ್ನದೆ, ಧ್ರುವವೆನ್ನದೆ ಸಮಭಾಜಕವೆನ್ನದೆ, ಸುಮಾರು 465 ಡಿಗ್ರಿ ತಾಪವಿರುತ್ತದೆ. ಎರಡರಷ್ಟು ಸಮೀಪವಿರುವ ಬುಧನಿಗಿಂತ ಶುಕ್ರನೇ ಹೆಚ್ಚು ಬಿಸಿ. ದೂರವೊಂದೇ ವಾಯುಗುಣವನ್ನು ನಿರ್ಧರಿಸುವುದಾಗಿದ್ದರೆ ಹೀಗಾಗುತ್ತಿರಲಿಲ್ಲ. ಈ ಒಗಟನ್ನು ಬಿಡಿಸಹೊರಟ ವಿಜ್ಞಾನಿಗಳು ಕೊನೆಗೆ ಅರಿತುಕೊಂಡದ್ದು ಶುಕ್ರನ ಸಂಗತಿಯನ್ನು ಮಾತ್ರವಲ್ಲ, ಭೂಮಿಯ ಸಂಗತಿಯನ್ನೂ ಕೂಡ.

ಬೆಳಕು ತಂದ ಸುದ್ದಿ

ಕೋಟ್ಯಂತರ ಕಿಲೋಮೀಟರ್ ಆಚೆಗಿರುವ ಗಾಳಿಯನ್ನು ಸೀಸೆಯಲ್ಲಿ ತುಂಬಿ ತಂದು ಪರೀಕ್ಷಿಸುವಂತಿಲ್ಲ. ಅಲ್ಲಿಂದ ಭೂಮಿಗೆ ತಾನಾಗಿಯೇ ಬಂದು ಸೇರುವುದು ಬೆಳಕೊಂದೇ. 1761ರಲ್ಲಿ ಶುಕ್ರಗ್ರಹವು ಸೂರ್ಯಬಿಂಬದ ಮುಂದೆ ಹಾದುಹೋದಾಗ ರಷ್ಯದ ವಿದ್ವಾಂಸ ಮಿಖಾಯಿಲ್ ಲೊಮೊನೊಸೊವ್ ಅದರ ಅಂಚಿನ ಬಳಿ ಕಂಡ ಬೆಳಕಿನ ವಿಕಾರವನ್ನು ಗಮನಿಸಿ, ಆ ಗ್ರಹಕ್ಕೆ ವಾಯುಮಂಡಲವಿರಬೇಕೆಂದು ತರ್ಕಿಸಿದನು.

ಗಾಳಿ ಇದೆಯೆಂದು ತಿಳಿದರೆ ಸಾಲದು. ಅದು ಯಾವ ಗಾಳಿಯೆಂದು ತಿಳಿಯಬೇಕು. ಇದಕ್ಕೆ ನೆರವಾದುದು ರೋಹಿತದರ್ಶಕವೆಂಬ ಉಪಕರಣ. ಬಿಸಿಲು ಪಟ್ಟಕದ ಮೂಲಕ ಹಾಯ್ದಾಗ ಕಾಮನಬಿಲ್ಲಿನ ಬಣ್ಣಗಳಾಗಿ ಒಡೆಯುವುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಬೆಳಕಿನ ದಾರಿಯಲ್ಲಿ ಅನಿಲವೊಂದು ಇದ್ದರೆ ಅದು ತನಗೆ ಒಗ್ಗುವ ಕೆಲವು ಅಲೆಗಳನ್ನು ಮಾತ್ರ ಹೀರಿಕೊಳ್ಳುತ್ತದೆ. ಬಣ್ಣದ ಪಟ್ಟಿಯ ಆಯಾ ಜಾಗಗಳಲ್ಲಿ ಕಪ್ಪು ಗೆರೆಗಳು ಉಳಿಯುತ್ತವೆ. ಒಬ್ಬೊಬ್ಬರ ಹೆಬ್ಬೆರಳಿನ ಗುರುತು ಬೇರೆಯಾಗಿರುವಂತೆ ಒಂದೊಂದು ಅನಿಲದ ಗೆರೆಗಳ ಸಾಲೂ ಬೇರೆ. 1932ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಆಡಮ್ಸ್ ಮತ್ತು ಡನ್‌ಹ್ಯಾಮ್ ಎಂಬ ವಿಜ್ಞಾನಿಗಳು ಶುಕ್ರನಿಂದ ಬಂದ ಬೆಳಕನ್ನು ಹೀಗೆ ಶೋಧಿಸಿ, ಅಲ್ಲಿ ಇಂಗಾಲದ ಡೈಆಕ್ಸೈಡ್ ಹೇರಳವಾಗಿದೆಯೆಂದು ಕಂಡುಹಿಡಿದರು.

ಆದರೂ ಮೋಡಗಳ ಅಡಿಯಲ್ಲಿ ಏನಿದೆಯೆಂಬುದು ಊಹೆಗೆ ಬಿಟ್ಟ ವಿಷಯವಾಗಿಯೇ ಉಳಿದಿತ್ತು. ಮೋಡವಿದ್ದಲ್ಲಿ ಮಳೆಯುಂಟು, ಮಳೆಯಿದ್ದಲ್ಲಿ ಕಾಡುಂಟು ಎಂದು ಎಣಿಸಿ, ಸ್ವೀಡನ್ನಿನ ಹೆಸರಾಂತ ರಸಾಯನವಿಜ್ಞಾನಿ ಸ್ವಾಂಟೆ ಅರೇನಿಯಸನಂಥವನೂ ಶುಕ್ರನಲ್ಲಿ ಜೌಗುನೆಲವನ್ನು ಕಲ್ಪಿಸಿಕೊಂಡಿದ್ದನು. 1956ರಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದವರು ಶುಕ್ರನಿಂದ ಬರುವ ರೇಡಿಯೋ ಅಲೆಗಳನ್ನು ಅಳೆದಾಗ ಈ ಕನಸು ಕರಗಿತು. ಅಲೆಗಳ ಪ್ರಬಲತೆ 300 ಡಿಗ್ರಿಗೂ ಮೀರಿದ ತಾಪವನ್ನು ಸೂಚಿಸುತ್ತಿತ್ತು. ಇದು ನೆಲದ್ದೇ ಬೇಗೆಯೆಂದೂ, ಇಂಗಾಲದ ಡೈಆಕ್ಸೈಡ್ ಶಾಖವನ್ನು ಹಿಡಿದಿಟ್ಟುಕೊಂಡಿರುವುದೇ ಅದಕ್ಕೆ ಕಾರಣವೆಂದೂ ತರುಣ ವಿಜ್ಞಾನಿ ಕಾರ್ಲ್ ಸೇಗನ್ 1960ರಲ್ಲಿ ವಾದಿಸಿದರು. 1962ರ ಡಿಸೆಂಬರಿನಲ್ಲಿ ಶುಕ್ರನ ಪಕ್ಕದಲ್ಲಿ ಹಾದುಹೋದ ಮ್ಯಾರಿನರ್-2 ನೌಕೆಯ ಅಳತೆಗಳು, ಶಾಖದ ಮೂಲ ಮೇಲಿನ ವಾಯುಪದರಗಳಲ್ಲಿ ಇಲ್ಲವೆಂಬುದನ್ನು ತೋರಿಸಿ ಆ ವಾದಕ್ಕೆ ಬಲ ನೀಡಿದವು.

ಕಾದ ನೆಲದ ಮೇಲೆ 23 ನಿಮಿಷ

ದೂರದಿಂದ ಅಳೆದುದನ್ನು ಸ್ಥಳದಲ್ಲಿಯೇ ಪರೀಕ್ಷಿಸುವ ಸಾಹಸಕ್ಕೆ ಕೈಹಾಕಿದವರು ಸೋವಿಯತ್ ಒಕ್ಕೂಟದ ವಿಜ್ಞಾನಿಗಳು. 1967ರ ಅಕ್ಟೋಬರಿನಲ್ಲಿ ವೆನೆರಾ-4 ಶುಕ್ರನ ವಾಯುಮಂಡಲವನ್ನು ಹೊಕ್ಕು, ಅಲ್ಲಿನ ಗಾಳಿಯ ಗುಣವನ್ನು ನೇರವಾಗಿ ಅಳೆಯಿತು. ಆದರೆ ನೆಲ ಮುಟ್ಟುವ ಮೊದಲೇ ಮೂಕವಾಯಿತು. ಅದರ ಅನುಭವದಿಂದ ಪಾಠ ಕಲಿತು ಹೆಚ್ಚು ಗಟ್ಟಿಯಾಗಿ ಕಟ್ಟಿದ ವೆನೆರಾ-7, 1970ರ ಡಿಸೆಂಬರ್ 15ರಂದು ಶುಕ್ರನತ್ತ ಇಳಿಯಿತು. ಇಳಿಯುವಾಗ ಅದರ ಪ್ಯಾರಾಚೂಟ್ ಕೆಟ್ಟಿತು. ನೌಕೆ ನೆಲಕ್ಕೆ ಅಪ್ಪಳಿಸಿದೊಡನೆ ಸಂಕೇತಗಳು ನಿಂತುಹೋದಂತೆ ತೋರಿತು. ಪ್ರಯತ್ನ ವಿಫಲವಾಯಿತೆಂದೇ ಎಲ್ಲರೂ ಭಾವಿಸಿದರು. ಮುಂದೆ ಧ್ವನಿಮುದ್ರಿತ ಟೇಪುಗಳನ್ನು ಮತ್ತೊಮ್ಮೆ ತಾಳ್ಮೆಯಿಂದ ಶೋಧಿಸಿದಾಗ, ಗದ್ದಲದ ನಡುವೆ ಅತಿ ಕ್ಷೀಣವಾದ ಸಂಕೇತಗಳು 23 ನಿಮಿಷಗಳ ಕಾಲ ಬಂದಿದ್ದುದು ಪತ್ತೆಯಾಯಿತು. ಮಾನವನಿರ್ಮಿತ ಯಂತ್ರವೊಂದು ಮತ್ತೊಂದು ಗ್ರಹದ ನೆಲದಿಂದ ಕಳುಹಿಸಿದ ಮೊಟ್ಟಮೊದಲ ಸುದ್ದಿ ಅದು.

1975ರಲ್ಲಿ ವೆನೆರಾ-9 ಮತ್ತು ವೆನೆರಾ-10 ಶುಕ್ರನ ನೆಲದ ಚಿತ್ರಗಳನ್ನು ಕಳುಹಿಸಿದವು. 1982ರಲ್ಲಿ ವೆನೆರಾ-13 ಎರಡು ಗಂಟೆಗೂ ಮಿಗಿಲಾಗಿ ಆ ಬೇಗೆಯನ್ನು ತಾಳಿಕೊಂಡಿತು. ಈ ಎಲ್ಲ ಯಾತ್ರೆಗಳಿಂದ ಮೂಡಿಬಂದ ಚಿತ್ರ ಸ್ಪಷ್ಟವಾಗಿದೆ. ಶುಕ್ರನ ಗಾಳಿಯಲ್ಲಿ ನೂರಕ್ಕೆ 96.5 ಪಾಲು ಇಂಗಾಲದ ಡೈಆಕ್ಸೈಡ್, ಉಳಿದುದು ಬಹುಪಾಲು ಸಾರಜನಕ. ನೆಲದ ಮೇಲಿನ ಒತ್ತಡ ಭೂಮಿಯಲ್ಲಿರುವುದರ 92 ಪಟ್ಟು. ಕಡಲಿನಲ್ಲಿ ಸುಮಾರು 900 ಮೀಟರ್ ಆಳಕ್ಕೆ ಇಳಿದರೆ ಮೈಮೇಲೆ ಬೀಳುವ ಭಾರಕ್ಕೆ ಇದು ಸಮ. ಅಲ್ಲಿನ ಮೋಡಗಳಲ್ಲಿರುವುದು ನೀರಿನ ಹನಿಗಳಲ್ಲ, ಗಂಧಕಾಮ್ಲದ ಹನಿಗಳು.

ಕಂಬಳಿಯ ಗುಣ

ಇಲ್ಲಿ ಲೆಕ್ಕವೊಂದನ್ನು ಗಮನಿಸಬೇಕು. ಶುಕ್ರನಿರುವ ದೂರದಲ್ಲಿ ಪ್ರತಿ ಚದರ ಮೀಟರಿಗೆ ಬೀಳುವ ಬಿಸಿಲು ಸುಮಾರು 2,600 ವಾಟ್. ಭೂಮಿಯ ದೂರದಲ್ಲಿ 1,361 ವಾಟ್. ಆದರೆ ಶುಕ್ರನ ಮೋಡಗಳು ಬಂದ ಬಿಸಿಲಿನ ಮುಕ್ಕಾಲು ಭಾಗವನ್ನು ಹಿಂದಕ್ಕೆ ಅಟ್ಟುತ್ತವೆ. ಭೂಮಿ ಹಿಂದಿರುಗಿಸುವುದು ನೂರಕ್ಕೆ 30 ಪಾಲನ್ನು ಮಾತ್ರ. ಆದುದರಿಂದ ಶುಕ್ರ ನಿಜವಾಗಿ ಹೀರಿಕೊಳ್ಳುವ ಬಿಸಿಲು ಭೂಮಿ ಹೀರಿಕೊಳ್ಳುವುದಕ್ಕಿಂತ ಕಡಿಮೆ. ಶಾಖವನ್ನು ತಡೆಯುವ ಗಾಳಿಯಿಲ್ಲದೆ, ಈ ಬಿಸಿಲೊಂದನ್ನೇ ನೆಚ್ಚಿಕೊಂಡಿದ್ದರೆ ಶುಕ್ರನ ತಾಪ ಶೂನ್ಯಕ್ಕಿಂತ 40 ಡಿಗ್ರಿಯಷ್ಟು ಕೆಳಗಿರಬೇಕಾಗಿತ್ತು. ಉಳಿದ 500 ಡಿಗ್ರಿ ಎಲ್ಲಿಂದ ಬಂತು?

ಕಂಬಳಿ ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ. ಹೊದ್ದವನ ಮೈಶಾಖ ಹೊರಗೆ ಹೋಗದಂತೆ ತಡೆಯುತ್ತದೆ. ಬಿಸಿಲಿನ ಕಣ್ಣಿಗೆ ಕಾಣುವ ಬೆಳಕು ವಾಯುಮಂಡಲವನ್ನು ತೂರಿಕೊಂಡು ನೆಲವನ್ನು ಸೇರುತ್ತದೆ. ಕಾದ ನೆಲ ಆ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಹೊರಸೂಸುತ್ತದೆ. ಇಂಗಾಲದ ಡೈಆಕ್ಸೈಡ್, ನೀರಾವಿ ಮೊದಲಾದ ಅನಿಲಗಳು ಈ ಕಿರಣಗಳನ್ನು ಹೀರಿ, ಒಂದು ಪಾಲನ್ನು ಮತ್ತೆ ನೆಲದತ್ತ ಕಳುಹಿಸುತ್ತವೆ. ಇದೇ ಹಸಿರುಮನೆ ಪರಿಣಾಮ. ಭೂಮಿಗೂ ಇಂಥ ಕಂಬಳಿಯುಂಟು. ಅದಿಲ್ಲದಿದ್ದರೆ ಭೂಮಿಯ ಸರಾಸರಿ ತಾಪ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿದ್ದು, ಕೆರೆಕಡಲುಗಳು ಹೆಪ್ಪುಗಟ್ಟಿರುತ್ತಿದ್ದವು. ಅದಿರುವುದರಿಂದ ತಾಪ ಸುಮಾರು 15 ಡಿಗ್ರಿಯಲ್ಲಿ ನಿಂತಿದೆ. ತೆಳುವಾದ ಕಂಬಳಿ ಭೂಮಿಯನ್ನು ಕಾಪಾಡಿದೆ. ದಪ್ಪನಾದ ಕಂಬಳಿ ಶುಕ್ರನನ್ನು ಸುಟ್ಟಿದೆ.

ಕಲ್ಲಿನಲ್ಲಿ ಅಡಗಿದ ಗಾಳಿ

ಭೂಮಿಯ ವ್ಯಾಸ 12,756 ಕಿಲೋಮೀಟರ್, ಶುಕ್ರನದು 12,104. ಗಾತ್ರದಲ್ಲಿ ಅವಳಿಗಳಂತಿರುವ ಇವುಗಳಲ್ಲಿ ಒಂದಕ್ಕೆ ಮಾತ್ರ ಅಷ್ಟೊಂದು ಇಂಗಾಲದ ಡೈಆಕ್ಸೈಡ್ ಹೇಗೆ ಬಂತೆಂಬ ಪ್ರಶ್ನೆ ಏಳುತ್ತದೆ. ಉತ್ತರ ಸೋಜಿಗದ್ದು: ಭೂಮಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇದೆ. ಆದರೆ ಅದು ಗಾಳಿಯಲ್ಲಿಲ್ಲ, ಕಲ್ಲಿನಲ್ಲಿದೆ.

ಸುಣ್ಣದ ತಿಳಿನೀರಿನೊಳಕ್ಕೆ ಕೊಳವೆಯಿಂದ ಊದಿದಾಗ ನೀರು ಹಾಲಿನಂತಾಗುವ ಪ್ರಯೋಗವನ್ನು ವಿಜ್ಞಾನದ ತರಗತಿಯಲ್ಲಿ ಕಂಡವರು ಮರೆತಿರಲಾರರು. ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದೊಡನೆ ಕೂಡಿ ಸುಣ್ಣಕಲ್ಲಿನ ನುಣ್ಣನೆಯ ಪುಡಿಯಾಗುವುದರ ಗುರುತು ಅದು. ಪ್ರಕೃತಿಯಲ್ಲಿ ಇಂಥ ಕೆಲಸ ಯುಗಯುಗಗಳಿಂದ ನಡೆದಿದೆ. ಮಳೆನೀರು ಗಾಳಿಯ ಡೈಆಕ್ಸೈಡನ್ನು ಕರಗಿಸಿಕೊಂಡು ಬಂಡೆಗಳನ್ನು ಸವೆಸುತ್ತದೆ. ಹೊಳೆಗಳು ಆ ಸಾರವನ್ನು ಕಡಲಿಗೆ ಒಯ್ಯುತ್ತವೆ. ಅಲ್ಲಿ ಅದು ತಳಕ್ಕಿಳಿದು ಸುಣ್ಣಕಲ್ಲಾಗುತ್ತದೆ. ಉತ್ತರ ಕರ್ನಾಟಕದ ಎಷ್ಟೋ ಮನೆ, ಮಠ, ಶಾಲೆಗಳ ನೆಲಕ್ಕೆ ಹಾಸಿರುವ ಶಹಾಬಾದದ ಕಲ್ಲು ಹೀಗೆ ಬಹು ಪ್ರಾಚೀನ ಕಾಲದ ಕಡಲತಳದಲ್ಲಿ ರೂಪುಗೊಂಡ ಸುಣ್ಣಕಲ್ಲೇ ಆಗಿದೆ. ಶುದ್ಧ ಸುಣ್ಣಕಲ್ಲಿನ ತೂಕದಲ್ಲಿ ನೂರಕ್ಕೆ 44 ಪಾಲು ಇಂಗಾಲದ ಡೈಆಕ್ಸೈಡೇ. ಸುಣ್ಣದ ಭಟ್ಟಿಯಲ್ಲಿ ಕಲ್ಲನ್ನು ಸುಟ್ಟಾಗ ಅದು ಮತ್ತೆ ಗಾಳಿಗೆ ಸೇರುತ್ತದೆ.

ಈ ಕಾರ್ಯಕ್ಕೆ ಬೇಕಾದುದು ನೀರು. ಶುಕ್ರನಲ್ಲಿ ಒಂದು ಕಾಲದಲ್ಲಿ ಈಗಿರುವುದಕ್ಕಿಂತ ಬಹಳ ಹೆಚ್ಚು ನೀರಿತ್ತೆಂಬುದಕ್ಕೆ ಆಧಾರವಿದೆ. 1978ರಲ್ಲಿ ಅಲ್ಲಿಗೆ ತಲುಪಿದ ಅಮೆರಿಕದ ಪಯೋನಿಯರ್ ವೀನಸ್ ನೌಕೆಗಳ ಅಳತೆಯಂತೆ, ಸಾಮಾನ್ಯ ಜಲಜನಕಕ್ಕೆ ಹೋಲಿಸಿದರೆ ಭಾರಜಲಜನಕದ ಪಾಲು ಭೂಮಿಯಲ್ಲಿರುವುದಕ್ಕಿಂತ ನೂರು ಪಟ್ಟಿಗೂ ಮಿಗಿಲು. ಸೂರ್ಯನ ಪ್ರಖರ ಕಿರಣಗಳು ನೀರಾವಿಯನ್ನು ಒಡೆದಾಗ ಹಗುರವಾದ ಜಲಜನಕ ಆಕಾಶಕ್ಕೆ ಹಾರಿಹೋಗಿ, ಭಾರವಾದುದು ಹಿಂದೆ ಉಳಿದಿದೆ. ನೀರು ಹೋಯಿತು; ನೀರಿನೊಡನೆ ಡೈಆಕ್ಸೈಡನ್ನು ಕಲ್ಲಾಗಿಸುವ ದಾರಿಯೂ ಮುಚ್ಚಿಹೋಯಿತು.

ತೆಳುಗಾಳಿಯ ಮಂಗಳ

ಭೂಮಿಯ ಇನ್ನೊಂದು ಪಕ್ಕದ ಮಂಗಳಗ್ರಹದ ಕಥೆ ಇದಕ್ಕೆ ವಿರುದ್ಧವಾದುದು. 1965ರಲ್ಲಿ ಮ್ಯಾರಿನರ್-4 ನೌಕೆ ಮಂಗಳನ ಹಿಂದೆ ಮರೆಯಾಗುವಾಗ ಅದರ ರೇಡಿಯೋ ಸಂಕೇತ ಅಲ್ಲಿನ ಗಾಳಿಯ ಮೂಲಕ ಹಾಯ್ದು ಬಂದ ಬಗೆಯನ್ನು ಪರಿಶೀಲಿಸಿ, ಆ ಗಾಳಿಯ ಒತ್ತಡ ಭೂಮಿಯದರ ನೂರರಲ್ಲೊಂದು ಪಾಲಿಗೂ ಕಡಿಮೆಯೆಂದು ಕಂಡುಕೊಳ್ಳಲಾಯಿತು. ಇಲ್ಲಿಯೂ ನೂರಕ್ಕೆ 95 ಪಾಲು ಇಂಗಾಲದ ಡೈಆಕ್ಸೈಡೇ. ಆದರೆ ಕಂಬಳಿ ಹರಿದು ಜಾಳಾಗಿದೆ. ಸರಾಸರಿ ತಾಪ ಶೂನ್ಯಕ್ಕಿಂತ ಸುಮಾರು 60 ಡಿಗ್ರಿ ಕೆಳಗೆ. ಚಳಿಗಾಲದಲ್ಲಿ ಗಾಳಿಯ ಒಂದು ಭಾಗವೇ ಧ್ರುವದಲ್ಲಿ ಹೆಪ್ಪುಗಟ್ಟಿ ನೆಲಕ್ಕೆ ಬೀಳುವುದನ್ನೂ, ಬೇಸಗೆಯಲ್ಲಿ ಮತ್ತೆ ಮೇಲೇಳುವುದನ್ನೂ 1976ರಲ್ಲಿ ಅಲ್ಲಿ ಇಳಿದ ವೈಕಿಂಗ್ ನೌಕೆಗಳು ಒತ್ತಡದ ಏರಿಳಿತದಿಂದ ಗುರುತಿಸಿದವು.

ಮಂಗಳನಲ್ಲಿ ಬತ್ತಿದ ನದಿಗಳ ಪಾತ್ರಗಳಿವೆ. ಹಿಂದೆ ಅಲ್ಲಿ ನೀರು ಹರಿದಿತ್ತು. ಚಿಕ್ಕ ಗ್ರಹವಾದುದರಿಂದ ಅದರ ಒಡಲು ಬೇಗ ತಣಿದು, ಗ್ರಹವನ್ನೆಲ್ಲ ಆವರಿಸಿದ್ದ ಕಾಂತಕ್ಷೇತ್ರ ಅಳಿಯಿತು. ಅಂದಿನಿಂದ ಸೂರ್ಯನಿಂದ ಬೀಸುವ ಕಣಗಳ ಪ್ರವಾಹ ಅದರ ಗಾಳಿಯನ್ನು ಕಿತ್ತೊಯ್ಯುತ್ತಲೇ ಇದೆ. 2014ರಲ್ಲಿ ಅಲ್ಲಿಗೆ ತಲುಪಿದ ಮೇವನ್ ನೌಕೆಯ ಅಳತೆಯಂತೆ ಈ ನಷ್ಟ ಸೆಕೆಂಡಿಗೆ ಸುಮಾರು 100 ಗ್ರಾಂ. ಅದೇ ವರ್ಷದ ಸೆಪ್ಟೆಂಬರ್ 24ರಂದು ಭಾರತದ ಮಂಗಳಯಾನವೂ ಮಂಗಳನ ಕಕ್ಷೆಯನ್ನು ಸೇರಿತು. ಬೆಂಗಳೂರಿನಿಂದ ನಡೆಸಿದ, ಸಮೀಪದ ಬ್ಯಾಲಾಳುವಿನ ದೊಡ್ಡ ಆಂಟೆನಾಗಳು ಮಾತಾಡಿಸುತ್ತಿದ್ದ ಆ ನೌಕೆಯಲ್ಲಿ ಮಂಗಳನ ಗಾಳಿಯಲ್ಲಿ ಮೀಥೇನ್ ಅನಿಲವನ್ನು ಅರಸುವ ಮತ್ತು ಅತಿ ಮೇಲಿನ ವಿರಳ ಗಾಳಿಯನ್ನು ಪರೀಕ್ಷಿಸುವ ಉಪಕರಣಗಳಿದ್ದವು. ಆರು ತಿಂಗಳ ಬಾಳಿಕೆಗೆಂದು ಕಳುಹಿಸಿದ್ದು 2022ರವರೆಗೆ ಸಂಪರ್ಕದಲ್ಲಿತ್ತು.

ಈ ಶೋಧ ಇನ್ನೂ ದೂರಕ್ಕೆ ಸಾಗಿದೆ. 2005ರ ಜನವರಿಯಲ್ಲಿ ಹೈಗೆನ್ಸ್ ನೌಕೆ ಶನಿಯ ಉಪಗ್ರಹವಾದ ಟೈಟನ್ನಿನಲ್ಲಿ ಇಳಿಯಿತು. ಅಲ್ಲಿ ಮಳೆಯಾಗಿ ಸುರಿಯುವುದು ದ್ರವ ಮೀಥೇನ್. 2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕವು ಬೇರೊಂದು ನಕ್ಷತ್ರದ ಗ್ರಹದ ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡನ್ನು ಗುರುತಿಸಿತು. ಸಾಧನಗಳು ಬೆಳೆದಿವೆ, ಆದರೆ 1932ರ ಕಪ್ಪು ಗೆರೆಗಳ ಉಪಾಯವೇ ಇಂದಿಗೂ ಮೂಲಾಧಾರ.

ಹೊರಗಿನಿಂದ ಮನೆಯತ್ತ

ಇಷ್ಟೆಲ್ಲ ಶ್ರಮದಿಂದ ಮನುಷ್ಯನಿಗೆ ಏನು ಪ್ರಯೋಜನವೆಂದು ಕೇಳುವವರಿಗೆ ಎರಡು ಉದಾಹರಣೆಗಳು ಸಾಕು. 1971ರ ನವೆಂಬರಿನಲ್ಲಿ ಮ್ಯಾರಿನರ್-9 ಮಂಗಳನನ್ನು ಸೇರಿದಾಗ ಇಡೀ ಗ್ರಹ ಧೂಳಿನ ಬಿರುಗಾಳಿಯಲ್ಲಿ ಮುಳುಗಿತ್ತು. ಧೂಳು ಬಿಸಿಲನ್ನು ಮೇಲೆಯೇ ಹೀರಿಕೊಂಡು ನೆಲವನ್ನು ತಂಪಾಗಿಸುವುದು ಕಂಡುಬಂತು. ಈ ಅರಿವಿನ ಜಾಡನ್ನು ಹಿಡಿದ ಸೇಗನ್ ಮತ್ತು ಸಂಗಡಿಗರು, ಅಣುಯುದ್ಧ ನಡೆದರೆ ಏಳುವ ಹೊಗೆ ಧೂಳುಗಳು ಭೂಮಿಗೆ ಕತ್ತಲೆಯ ಕಡು ಚಳಿಯನ್ನು ತಂದಾವೆಂದು 1983ರಲ್ಲಿ ಎಚ್ಚರಿಸಿದರು. ಇನ್ನೊಬ್ಬ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಶುಕ್ರನ ವಾಯುಮಂಡಲವನ್ನೇ ಅಧ್ಯಯನ ಮಾಡಿ 1967ರಲ್ಲಿ ಡಾಕ್ಟರೇಟ್ ಪಡೆದವರು. ಪಯೋನಿಯರ್ ವೀನಸ್ ನೌಕೆಯಲ್ಲಿ ಅವರದೇ ಹೊಣೆಯ ಉಪಕರಣವಿತ್ತು. ಭೂಮಿಯ ಗಾಳಿಯೇ ಕಣ್ಣೆದುರಿನಲ್ಲಿ ಬದಲಾಗುತ್ತಿರುವುದನ್ನು ಕಂಡ ಅವರು ಆ ಹೊಣೆಯನ್ನು ಬಿಟ್ಟುಕೊಟ್ಟು ಸ್ವಗ್ರಹದ ಅಧ್ಯಯನಕ್ಕೆ ಮರಳಿದರು. 1988ರಲ್ಲಿ ಅಮೆರಿಕದ ಸೆನೆಟಿನ ಮುಂದೆ ಭೂಮಿಯ ತಾಪ ಏರುತ್ತಿದೆಯೆಂದು ಸಾಕ್ಷ್ಯ ನುಡಿದರು.

ಕಾರ್ಖಾನೆಗಳ ಯುಗಕ್ಕೆ ಮೊದಲು ಭೂಮಿಯ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇಂಗಾಲದ ಡೈಆಕ್ಸೈಡ್ ಇತ್ತು. ಹವಾಯಿ ದ್ವೀಪದ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ ಅದು 315ರ ಆಸುಪಾಸಿನಲ್ಲಿತ್ತು. 2024ರಲ್ಲಿ 420ನ್ನು ದಾಟಿತ್ತು. ಇದರಿಂದ ಭೂಮಿ ನಾಳೆಯೇ ಶುಕ್ರನಂತಾಗುತ್ತದೆಯೆಂದು ಅಂಜಬೇಕಾಗಿಲ್ಲ. ಆದರೆ ಬಿತ್ತನೆಯ ಕಾಲ ತಪ್ಪಲು, ಮಳೆಯ ಗತಿ ಕೆಡಲು, ಕಡಲ ಮಟ್ಟ ಏರಲು ನೂರಾರು ಡಿಗ್ರಿ ಬೇಕಿಲ್ಲ. ಒಂದೆರಡು ಡಿಗ್ರಿಯೇ ಸಾಕು. ಮಳೆ, ಕಡಲು, ಕಲ್ಲುಗಳು ಕೋಟ್ಯಂತರ ವರ್ಷಗಳಲ್ಲಿ ನೆಲದೊಳಗೆ ಕೂಡಿಟ್ಟುದನ್ನೂ, ಪ್ರಾಚೀನ ಕಾಡುಗಳು ಕಲ್ಲಿದ್ದಲಾಗಿ ಬಚ್ಚಿಟ್ಟುದನ್ನೂ ಮನುಷ್ಯ ಕೆಲವೇ ತಲೆಮಾರುಗಳಲ್ಲಿ ಗಾಳಿಗೆ ತೂರುತ್ತಿದ್ದಾನೆ.

ಶುಕ್ರನನ್ನು ಸುತ್ತಲಿರುವ ಭಾರತದ ನೌಕೆಗೆ 2024ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆತಿದೆ. ಆ ನೌಕೆಯ ಸುದ್ದಿಯನ್ನು ಓದಿ ಅರ್ಥೈಸುವವರು ಇಂದು ಯಾವುದೋ ಊರಿನ ಪಾಠಶಾಲೆಯಲ್ಲಿ ಸುಣ್ಣದ ತಿಳಿನೀರಿನ ಪ್ರಯೋಗವನ್ನು ಮೊದಲ ಬಾರಿಗೆ ನೋಡುತ್ತಿರಬಹುದು. ಅವರಿಗೆ ಉಪಾಧ್ಯಾಯರು ಪ್ರಯೋಗದ ಜೊತೆಗೆ ಮುಂಜಾನೆಯ ಬೆಳ್ಳಿಚುಕ್ಕಿಯನ್ನೂ ತೋರಿಸಿ, ಅದು ಕಳೆದುಕೊಂಡುದೇನು, ಭೂಮಿ ಉಳಿಸಿಕೊಂಡುದೇನು ಎಂಬುದನ್ನು ತಿಳಿಹೇಳಿದರೆ, ಆ ಪಾಠ ಪರೀಕ್ಷೆಯ ನಂತರವೂ ಅವರೊಡನೆ ಉಳಿದೀತು.