ವೃದ್ಧಾಪ್ಯವೂ ಮರೆವಿನ ರೋಗವೂ

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆಗಳಲ್ಲಿ ಹಿರಿಯರ ಅನುಭವವು ಅಡಗಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಒಂದು ಗಾದೆಯಿಂದ ನಮ್ಮ ಮನೆಗಳಲ್ಲಿ ಆಗುತ್ತಿರುವ ಕೇಡನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ತೋರಿದುದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಪರಿಚಿತರಾದ ಶಿರಸ್ತೇದಾರರೊಬ್ಬರು ಮೂವತ್ತು ವರ್ಷಗಳ ದಫ್ತರವನ್ನು ಬಾಯಲ್ಲೇ ಹೇಳಬಲ್ಲವರಾಗಿದ್ದರು. ನಿವೃತ್ತರಾದ ಕೆಲವು ವರ್ಷಗಳಲ್ಲಿ, ಪೇಟೆಗೆ ಹೋದವರು ಮನೆಯ ದಾರಿ ತಿಳಿಯದೆ ಬೀದಿಯಲ್ಲಿ ನಿಂತುಬಿಟ್ಟರು. ಮನೆಯವರು ವಯಸ್ಸಾಯಿತೆಂದು ಸುಮ್ಮನಾದರು; ನೆಂಟರಿಷ್ಟರಿಗೆ ತಿಳಿದರೆ ಅವಮಾನವೆಂದು ಮುಚ್ಚಿಟ್ಟರು. ವೈದ್ಯರ ಬಳಿಗೆ ಕರೆದೊಯ್ಯುವ ವೇಳೆಗೆ ಮೂರು ವರ್ಷ ಕಳೆದಿದ್ದವು. ಅಷ್ಟರಲ್ಲಿ ಆ ಮಹನೀಯರು ಸ್ವಂತ ಮಗಳನ್ನೇ "ತಾವು ಯಾರ ಮನೆಯವರು?" ಎಂದು ವಿನಯದಿಂದ ಕೇಳುವಂತಾಗಿದ್ದರು.

ಮುಪ್ಪು ಬೇರೆ, ಈ ವ್ಯಾಧಿ ಬೇರೆ ಎಂಬುದು ನೂರು ವರ್ಷಗಳಿಗೂ ಹಿಂದೆಯೇ ಗೊತ್ತಾದ ವಿಷಯ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಪಟ್ಟಣದ ಆಸ್ಪತ್ರೆಗೆ ಔಗುಸ್ತೆ ಎಂಬ ಗೃಹಿಣಿಯನ್ನು ಕರೆತಂದರು. ಆಕೆಗೆ ಆಗ 51 ವರ್ಷ. ಗಾದೆಯು ಹೇಳುವ ಅರವತ್ತು ಇನ್ನೂ ದೂರವಿದ್ದಿತು. ಆಕೆಯೊಡನೆ ಮಾತನಾಡಿ ಪ್ರಶ್ನೋತ್ತರಗಳನ್ನು ಬರೆದಿಟ್ಟವರು ಡಾಕ್ಟರ್ ಆಲ್ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅವರು ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ನರಕೋಶಗಳ ಒಳಗೆ ಗಂಟುಬಿದ್ದ ಎಳೆಗಳನ್ನೂ, ಸುತ್ತಮುತ್ತ ಕಾಳಿನಂಥ ಸಣ್ಣ ಸಣ್ಣ ಕಲ್ಮಷಗಳನ್ನೂ ಕಂಡು, ಆ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗೆನ್ನಿನ ವೈದ್ಯಸಭೆಗೆ ನಿವೇದಿಸಿದರು. ಸಭಿಕರಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ! 1910ರಲ್ಲಿ ಕ್ರೇಪೆಲಿನ್ ಪಂಡಿತರು ಆ ರೋಗಕ್ಕೆ ಆಲ್ಝೈಮರರ ಹೆಸರನ್ನಿಟ್ಟರು. ವೈದ್ಯರು ಡಿಮೆನ್ಷಿಯಾ ಎನ್ನುವ ಬುದ್ಧಿಕ್ಷಯಕ್ಕೆ ಕಾರಣಗಳು ಹಲವಿದ್ದರೂ, ಅವುಗಳಲ್ಲಿ ಅತಿ ಸಾಮಾನ್ಯವಾದುದು ಇದೇ.

ಈ ಕಲ್ಮಷವು ಮರೆವು ತೋರುವುದಕ್ಕೆ ಹತ್ತು ಹದಿನೈದು ವರ್ಷ ಮೊದಲೇ ಕೂಡತೊಡಗುತ್ತದೆ. ಆದುದರಿಂದ ರೋಗಿಗಳನ್ನು ಮಾತ್ರ ನೋಡಿದರೆ ಸಾಲದು. ಆರೋಗ್ಯವಂತರನ್ನು ವರ್ಷಾನುಗಟ್ಟಲೆ ಗಮನಿಸುತ್ತ, ಯಾರ ಬುದ್ಧಿ ಕುಂದಿತು, ಯಾರದು ಉಳಿಯಿತು, ಕಾರಣವೇನು ಎಂದು ವಿಚಾರಿಸಬೇಕು. ಇಂಥ ವಿಚಾರಣೆಯು ಬಹುಕಾಲ ನಡೆದುದು ಹೆಚ್ಚಾಗಿ ಯೂರೋಪು ಅಮೆರಿಕಗಳ ಅಕ್ಷರಸ್ಥರ ಮೇಲೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜಿಯ ಕೈಗೆ ಲೇಖನಿ ಕೊಟ್ಟು ಗಡಿಯಾರದ ಚಿತ್ರ ಬರೆಯೆಂದರೆ, ಆಕೆ ತಪ್ಪಿದುದು ರೋಗದಿಂದಲೋ, ಅಭ್ಯಾಸವಿಲ್ಲದುದರಿಂದಲೋ ಎಂದು ಹೇಳುವವರಾರು?

ಈ ಕೊರತೆಯನ್ನು ನೀಗುವ ಕಾರ್ಯವು ನಮ್ಮ ನಾಡಿನಲ್ಲಿಯೇ ಆರಂಭವಾಗಿರುವುದು ಸಂತೋಷದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಪ್ರೊಫೆಸರ್ ವಿಜಯಲಕ್ಷ್ಮಿ ರವೀಂದ್ರನಾಥರ ನೇತೃತ್ವದಲ್ಲಿ ಸ್ಥಾಪಿತವಾದ ಮೆದುಳು ಸಂಶೋಧನಾ ಕೇಂದ್ರದವರು, ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ತುಂಬಿದ 10,000 ಜನರನ್ನು ದೀರ್ಘಕಾಲ ಗಮನಿಸುವ ಗುರಿಯಿಟ್ಟುಕೊಂಡಿದ್ದಾರೆ. ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಮೆದುಳಿನ ಸ್ಕ್ಯಾನ್ ಇವೆಲ್ಲವೂ ಅದರಲ್ಲಿ ಸೇರಿವೆ. ಮಕ್ಕಳ ಕಾಲಕ್ಕೆ ಫಲ ಕೊಡಬಹುದಾದ ಕಾರ್ಯಕ್ಕಾಗಿ ತಮ್ಮ ವೇಳೆಯನ್ನೂ ರಕ್ತವನ್ನೂ ಕೊಡುವ ಆ ಗ್ರಾಮಸ್ಥರನ್ನು ನಾವು ಶೋಧಕರಷ್ಟೇ ಗೌರವದಿಂದ ನೆನೆಯುತ್ತೇವೆ.

ನಮ್ಮ ಜನರನ್ನು ನೋಡಿದರೆ ಹೊಸದು ತಿಳಿಯುವುದೆಂಬುದಕ್ಕೆ ಒಂದು ನಿದರ್ಶನ ಸಾಕು. ಈಗ ಬೆಂಗಳೂರಿನ ನಿಮ್ಹಾನ್ಸಿನಲ್ಲಿರುವ ಡಾಕ್ಟರ್ ಸುವರ್ಣಾ ಅಲ್ಲಾಡಿಯವರು ಹಿಂದೆ ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಎರಡು ಭಾಷೆಗಳನ್ನು ಆಡುವವರಲ್ಲಿ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ತೋರಿದ್ದಿತು. ಓದುಬರಹವಿಲ್ಲದವರಲ್ಲಿಯೂ ಈ ಅಂತರವಿದ್ದಿತು. ಬೇರೆಡೆಯ ಎಲ್ಲ ಶೋಧಕರಿಗೂ ಇದೇ ಫಲ ದೊರೆತಿಲ್ಲವಾದರೂ, ಕನ್ನಡ ತೆಲುಗುಗಳೆರಡನ್ನೂ ಆಡುವ ಕೋಲಾರದ ಸೀಮೆಯಲ್ಲಿ ಇದು ಮುಂದೆ ಪರಿಶೀಲಿಸತಕ್ಕ ವಿಷಯ.

ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಉಳಿದ ತೊಂಬತ್ತೆರಡು ಮಂದಿಗೆ ಇಲ್ಲವೆಂಬುದನ್ನು ಗಾದೆಯನ್ನು ನಂಬುವವರು ಗಮನಿಸಬೇಕು. ರೋಗವನ್ನು ಸಂಪೂರ್ಣವಾಗಿ ವಾಸಿಮಾಡುವ ಔಷಧವಿಲ್ಲ, ನಿಜ. ಆದರೆ ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಮನೋವ್ಯಾಕುಲತೆ ಇವೂ ಮರೆವನ್ನು ತರುತ್ತವೆ, ಇವಕ್ಕೆ ಚಿಕಿತ್ಸೆಯುಂಟು. ಪರೀಕ್ಷೆಯೇ ಆಗದಿದ್ದರೆ ವಾಸಿಯಾಗಬಹುದಾದವರೂ ಅರಳು ಮರಳಿನವರ ಪಂಕ್ತಿಗೆ ಸೇರುವರು. ರಕ್ತದೊತ್ತಡ, ಮಧುಮೇಹ, ಧೂಮಪಾನ, ಕಿವುಡು, ಏಕಾಂತವಾಸ ಮೊದಲಾದ 14 ಕಾರಣಗಳನ್ನು ತಡೆದರೆ ನೂರಕ್ಕೆ ಸುಮಾರು 45 ಪ್ರಕರಣಗಳನ್ನು ತಪ್ಪಿಸಬಹುದು ಇಲ್ಲವೆ ಮುಂದೂಡಬಹುದೆಂದು 2024ರಲ್ಲಿ ಲ್ಯಾನ್ಸೆಟ್ ಆಯೋಗದ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಆದುದರಿಂದ ತಾಲ್ಲೂಕು ಆಸ್ಪತ್ರೆಗಳಲ್ಲಿ ವೃದ್ಧರ ನೆನಪಿನ ಪರೀಕ್ಷೆಯು ಅವರವರ ಮನೆಮಾತಿನಲ್ಲಿಯೇ, ಅಕ್ಷರವರಿಯದವರಿಗೂ ನ್ಯಾಯವಾಗುವಂತೆ ನಡೆಯಲು ಅಧಿಕಾರಿಗಳು ಏರ್ಪಾಡು ಮಾಡತಕ್ಕದ್ದು. ಹಗಲಿರುಳು ಶುಶ್ರೂಷೆ ಮಾಡುವ ಸೊಸೆ, ಮಗಳು, ಮಡದಿಯರ ಬವಣೆಯನ್ನೂ ಅವರು ಮರೆಯಬಾರದು. ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ತಂದೆತಾಯಿಗಳು ದಾರಿ ತಪ್ಪಿದಾಗ, ಕೇಳಿದುದನ್ನೇ ಕೇಳಿದಾಗ, ನಗದೆ, ನಾಚದೆ, ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ಹಿರಿಯರ ಋಣವು ಶ್ರಾದ್ಧಕಾಲದವರೆಗೆ ಕಾಯತಕ್ಕದ್ದಲ್ಲ.