ಇಬ್ಬರು ಮಕ್ಕಳು, ಎರಡು ಬಗೆಯ ಗಾಯ

ಒಂದೇ ವಯಸ್ಸಿನ ಇಬ್ಬರು ಬಾಲಕರನ್ನು ಕಲ್ಪಿಸಿಕೊಳ್ಳೋಣ. ಒಬ್ಬನ ಮನೆ ಬೆಂಗಳೂರಿನಲ್ಲಿ, ಇನ್ನೊಬ್ಬನದು ಮಲೆನಾಡಿನ ಹಳ್ಳಿಯಲ್ಲಿ. ಒಂದೇ ರಾತ್ರಿ ಇಬ್ಬರಿಗೂ ಹೊಕ್ಕುಳಿನ ಸುತ್ತ ನೋವು ತೊಡಗಿ, ಬೆಳಗಾಗುವುದರೊಳಗೆ ಬಲಗಡೆಯ ಕೆಳಹೊಟ್ಟೆಗೆ ಇಳಿಯುತ್ತದೆ. ಕಾಯಿಲೆ ಒಂದೇ, ಅಪೆಂಡಿಕ್ಸಿನ ಉರಿಯೂತ. ನಗರದ ಬಾಲಕನ ಹೊಟ್ಟೆಯ ಮೇಲೆ ಮೂರು ಚಿಕ್ಕ ಗುರುತುಗಳಷ್ಟೇ ಉಳಿದು, ಕೆಲವೇ ದಿನಗಳಲ್ಲಿ ಅವನು ಶಾಲೆಗೆ ಮರಳುತ್ತಾನೆ. ಹಳ್ಳಿಯ ಬಾಲಕನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದು ಶಸ್ತ್ರವೈದ್ಯರನ್ನು ಕಾಣುವಷ್ಟರಲ್ಲಿ ಅಪೆಂಡಿಕ್ಸ್ ಒಡೆದು ಕೀವು ಹರಡಿರುತ್ತದೆ. ಅವನ ಪಾಲಿಗೆ ದೊಡ್ಡ ಗಾಯ, ವಾರಗಟ್ಟಲೆ ನರಳಾಟ. ತಂದೆಗೆ ಕೂಲಿಯ ನಷ್ಟ. ರೋಗವು ಭೇದವೆಣಿಸಲಿಲ್ಲ, ಭೇದವನ್ನು ಸೃಷ್ಟಿಸಿದ್ದು ನಮ್ಮ ಸಮಾಜ.

ಲ್ಯಾಪರೊಸ್ಕೋಪಿ ಎಂಬ ಈ ವಿಧಾನದಲ್ಲಿ ಹೊಟ್ಟೆಯನ್ನು ಅನಿಲದಿಂದ ಉಬ್ಬಿಸಿ, ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಸೇರಿಸುತ್ತಾರೆ. 1980ರಲ್ಲಿ ಜರ್ಮನಿಯ ಕುರ್ಟ್ ಸೆಮ್ ಎಂಬ ವೈದ್ಯರು ಹೀಗೆ ಅಪೆಂಡಿಕ್ಸನ್ನು ತೆಗೆದರು. 1990ರಲ್ಲಿ ಡಾ. ತೆಹೆಮ್‌ಟನ್ ಉದ್ವಾಡಿಯಾ ಅವರು ಇದೇ ವಿಧಾನದಿಂದ ಪಿತ್ತಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಭಾರತದಲ್ಲಿ ಆರಂಭಿಸಿದ್ದು ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ. ಅದು ಸರ್ಕಾರಿ ಆಸ್ಪತ್ರೆ ಎಂಬುದನ್ನು ಗಮನಿಸಬೇಕು. ಬಡವರಿಗೆ ಈ ವಿದ್ಯೆ ಎಟಕದೆಂಬುದು ಪ್ರಕೃತಿನಿಯಮವೇನಲ್ಲ.

ಹಾಗಾದರೆ ಎಟಕದಿರಲು ಕಾರಣವೇನು? ಎಳೆಯ ಮಕ್ಕಳಿಗೆ 3ರಿಂದ 5 ಮಿಲಿಮೀಟರ್ ದಪ್ಪದ ಸೂಕ್ಷ್ಮ ಉಪಕರಣಗಳು ಬೇಕು. ಅನಿಲದ ಒತ್ತಡವು ದೊಡ್ಡವರಿಗಿಂತ ಕಡಿಮೆಯಿರಬೇಕು. ಮಕ್ಕಳಿಗೆ ಅರಿವಳಿಕೆ ಕೊಡುವುದರಲ್ಲಿ ಪಳಗಿದ ವೈದ್ಯರು ಜೊತೆಗಿರಬೇಕು. ಯಂತ್ರವನ್ನು ಕೊಂಡರೆ ಸಾಲದು, ನುರಿತ ಕೈಗಳು ಬೇಕು. ಅವು ದೊಡ್ಡ ನಗರಗಳಲ್ಲೇ ನೆಲೆನಿಂತಿವೆ.

'ತೆರೆದ ಶಸ್ತ್ರಚಿಕಿತ್ಸೆಯಿಂದಲೂ ಜೀವ ಉಳಿಯುವುದಲ್ಲ' ಎಂದು ಕೆಲವರು ಕೇಳಬಹುದು. ನಿಜ, ಕೆಲವೊಮ್ಮೆ ಅದೇ ಸರಿಯಾದ ಮಾರ್ಗ. ಆದರೆ ಚಿಕ್ಕ ಗಾಯವೆಂದರೆ ಶ್ರೀಮಂತರ ಸೊಗಸು ಎಂದು ತಿಳಿಯುವುದು ತಪ್ಪು. ಬೇಗನೆ ಗುಣಮುಖನಾಗುವ ಅಗತ್ಯ ದಿನಗೂಲಿಯವನ ಮಗನಿಗೇ ಹೆಚ್ಚು. ಹಂಚಿಕೆಯ ನ್ಯಾಯವನ್ನು ಕುರಿತು ಅರಿಸ್ಟಾಟಲನ ಕಾಲದಿಂದಲೂ ಚಿಂತನೆ ನಡೆದಿದೆ. ಯಾವ ಅಳತೆಗೋಲಿನಿಂದ ಹಂಚಬೇಕೆಂಬುದೇ ಅಲ್ಲಿನ ಪ್ರಶ್ನೆ. ಚಿಕಿತ್ಸೆಯ ವಿಷಯದಲ್ಲಿ ಆ ಅಳತೆಗೋಲು ರೋಗಿಯ ಅಗತ್ಯವೇ ಹೊರತು ಹಣದ ಚೀಲವಲ್ಲ.

2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆಯು ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಒದಗಿಸುತ್ತದೆ. ಇದು ಸ್ವಾಗತಾರ್ಹ. ಆದರೆ ಕಾರ್ಡು ಕೈಯಲ್ಲಿದ್ದ ಮಾತ್ರಕ್ಕೆ ತಾಲೂಕು ಆಸ್ಪತ್ರೆಯಲ್ಲಿ ಮಕ್ಕಳ ಶಸ್ತ್ರವೈದ್ಯರು ಇರುತ್ತಾರೆಯೆ? ಜಿಲ್ಲೆಗೊಂದಾದರೂ ಸುಸಜ್ಜಿತ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗವಿರಬೇಕೆಂದು ಜನಪ್ರತಿನಿಧಿಗಳನ್ನು ಕೇಳುವುದು ನಮ್ಮೆಲ್ಲರ ಹಕ್ಕು ಮತ್ತು ಕರ್ತವ್ಯ.

ಅಲ್ಲಿಯವರೆಗೆ ಪ್ರತಿ ಕುಟುಂಬವೂ ಮಾಡಬಹುದಾದುದುಂಟು. ಮಗುವಿನ ಹೊಟ್ಟೆನೋವು ಬಲಗಡೆಗೆ ಸರಿದು, ವಾಂತಿ, ಜ್ವರ ಕಾಣಿಸಿಕೊಂಡರೆ ಹರಳೆಣ್ಣೆಯನ್ನಾಗಲಿ ಭೇದಿಯ ಔಷಧವನ್ನಾಗಲಿ ಕುಡಿಸದೆ ಕೂಡಲೇ ವೈದ್ಯರ ಬಳಿಗೆ ಒಯ್ಯಿರಿ. ನೆರೆಮನೆಯ ಮಗು ನರಳುತ್ತಿದ್ದು ಆ ಮನೆಯವರಿಗೆ ವಾಹನವಿಲ್ಲದಿದ್ದರೆ, ನಡುರಾತ್ರಿಯಾದರೂ ನಿಮ್ಮ ವಾಹನವನ್ನು ಹೊರತೆಗೆಯಿರಿ. ಅಪೆಂಡಿಕ್ಸ್ ಒಡೆಯುವ ಮುನ್ನ ಆಸ್ಪತ್ರೆ ಸೇರಿದ ಮಗುವಿಗೆ, ಗಾಯ ಚಿಕ್ಕದಿರಲಿ ದೊಡ್ಡದಿರಲಿ, ಅರ್ಧ ಸಂಕಟ ಅಲ್ಲಿಗೇ ತಪ್ಪಿದಂತೆ.